ಆಕಾಶದ ಹಕ್ಕಿಗಳಿಗಾಗಿ ಒಂದು ದಿನ



ಸಂತ ಮತ್ತಾಯರ ಶುಭಸಂದೇಶದ ಆರನೆಯ ಅಧ್ಯಾಯವನ್ನು ನಾವೆಲ್ಲ ಎಷ್ಟೋ ಸಲ ಕೇಳಿದ್ದೇವೆ. ಊಟ ಬಟ್ಟೆಗಳ ಬಗ್ಗೆ ಚಿಂತಿಸಬೇಡಿ ಎನ್ನುವ ಪ್ರಭು ಯೇಸು ಅಲ್ಲೇ ನಮಗೊಂದು ಕೆಲಸವನ್ನೂ ವಹಿಸುತ್ತಾರೆ: ಹಕ್ಕಿಗಳನ್ನು ನೋಡಬೇಕು. ಮಗನ ವೀಸಾ, ಮಗಳ ಮದುವೆ, ಸೊಸೈಟಿಯ ಸಾಲ, ಬಲೆಗೆ ಬೀಳದ ಮೀನು ಇಷ್ಟೆಲ್ಲ ಇರುವಾಗ ಚಿಂತೆ ಬಿಡುವುದು ಹೇಗೆ ಎಂದು ಕೇಳುತ್ತೇವೆ. ಸರಿ, ಆ ನೋಡುವ ಕೆಲಸವನ್ನಾದರೂ ಮಾಡಿದ್ದೇವೆಯೇ?

ಫೆಬ್ರವರಿಯ ಒಂದು ದಿನವನ್ನು ಇದಕ್ಕಾಗಿ ತೆಗೆದಿಡಿ. ಮಕ್ಕಳನ್ನು ಕರೆದುಕೊಳ್ಳಿ, ಬುತ್ತಿ ಕಟ್ಟಿಕೊಳ್ಳಿ. ಕಾಡು, ಕಡಲು, ಅಳಿವೆ, ಗದ್ದೆ ಎಲ್ಲವೂ ಒಂದೇ ದಿನದ ದಾರಿಯಲ್ಲಿ ಸಿಗುವ ಭಾಗ್ಯ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗಿದೆ.

ಬೆಳಕು ಹರಿಯುವಾಗ ಕೊಲ್ಲೂರಿನ ಕಡೆ ಇರಿ. ಮೂಕಾಂಬಿಕಾ ವನ್ಯಧಾಮ 1974ರಲ್ಲಿ ಘೋಷಣೆಯಾದದ್ದು; ಒಳಗೆ ನುಗ್ಗುವುದು ಬೇಡ, ರಸ್ತೆಬದಿಯಲ್ಲೇ ನಿಂತು ಕಿವಿಗೊಡಿ. ಅಲ್ಲಿಯ ಮಂಗಟ್ಟೆ ಹಕ್ಕಿಯ ಸಂಸಾರವನ್ನು ಅಪ್ಪಂದಿರು ತಿಳಿಯಬೇಕು. ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಸಣ್ಣ ಸೀಳು ಮಾತ್ರ ಉಳಿಯುತ್ತದೆ. ಗಂಡು ವಾರಗಟ್ಟಲೆ, ತಿಂಗಳುಗಟ್ಟಲೆ ಆಲ, ಅತ್ತಿಯ ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ಪರಲೋಕದ ತಂದೆ ಹಕ್ಕಿಗಳನ್ನು ಸಲಹುತ್ತಾರೆ ಎಂದರೆ ಹಕ್ಕಿ ಸುಮ್ಮನೆ ಕೂತಿರುತ್ತದೆ ಎಂದಲ್ಲ. ಅದು ಹೊತ್ತು ಮೂಡಿದಾಗಿನಿಂದ ದುಡಿಯುತ್ತದೆ. ನಾಳೆಯ ಭಯವನ್ನು ಮಾತ್ರ ಹೊತ್ತು ತಿರುಗುವುದಿಲ್ಲ.

ಬಿಸಿಲೇರುವ ಮೊದಲು ಮರವಂತೆಗೆ ಇಳಿಯಿರಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಗರುಡ, ಬಿಳಿ ಹೊಟ್ಟೆಯ ದೊಡ್ಡ ಕಡಲ ಗಿಡುಗ ಕಂಡಾವು. ಆದರೆ ಹೆಚ್ಚು ಹೊತ್ತನ್ನು ಕುಂದಾಪುರಕ್ಕೆ ಉಳಿಸಿಕೊಳ್ಳಿ. ಪಂಚಗಂಗಾವಳಿಯಲ್ಲಿ ಇಳಿತದ ಹೊತ್ತಿಗೆ ಕುದ್ರುಗಳ ಸುತ್ತ ಕೆಸರು ತೆರೆದುಕೊಳ್ಳುತ್ತದೆ. ನಮಗೆ ಅದು ನಾರುವ ಕೆಸರು. ಹಕ್ಕಿಗೆ ಹುಳ, ಏಡಿ, ಚಿಪ್ಪುಗಳ ಊಟದೆಲೆ. ಅಲ್ಲಿ ಓಡಾಡುವ ಬೂದು ಬಣ್ಣದ ಪುಟ್ಟ ಹಕ್ಕಿಗಳಲ್ಲಿ, ಅಳಿವೆಯಲ್ಲಿ ತೇಲುವ ಕಡಲಹಕ್ಕಿಗಳಲ್ಲಿ ಕೆಲವು ಲಡಾಖ್, ಟಿಬೆಟಿನ ಕಡೆ ಮರಿ ಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬಂದವು. ಮಕ್ಕಳನ್ನು ಗಲ್ಫಿಗೆ ಕಳಿಸಿ ಫೋನಿನ ಪಕ್ಕ ಕೂತಿರುವ ತಾಯಂದಿರೇ, ಆ ಹಕ್ಕಿಗಳನ್ನು ಸ್ವಲ್ಪ ಹೊತ್ತು ನೋಡಿ. ಅಷ್ಟು ದೂರ ಹಾರಿ ಬಂದವಕ್ಕೆ ಇಲ್ಲಿ ಎಲೆ ಹಾಕಿಟ್ಟಿದೆ.

ಇನ್ನು ಹೇಳಲು ಕಷ್ಟವಾದ ಮಾತು. ಆ ಎಲೆಯನ್ನು ಎಳೆಯುತ್ತಿರುವವರು ಯಾರು? ಕಾಂಡ್ಲಾ ಗಿಡ ಕಡಿದು ಮಣ್ಣು ತುಂಬುವವರು, ಮನೆಯ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸೇತುವೆಯಿಂದ ಹೊಳೆಗೆ ಎಸೆಯುವವರು. ಅವರಲ್ಲಿ ಭಾನುವಾರ ಪೂಜೆಗೆ ಬರುವವರು ಯಾರೂ ಇಲ್ಲವೆನ್ನಲು ನನಗೆ ಧೈರ್ಯವಿಲ್ಲ. ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಳ್ಳುವವರು ಎಷ್ಟು ಮಂದಿ?

ಸಂಜೆ ಬ್ರಹ್ಮಾವರದ ಗದ್ದೆಗಳಿಗೆ ಬನ್ನಿ. ಉತ್ತ ಸಾಲಿನ ಹಿಂದೆ ಬೆಳ್ಳಕ್ಕಿ, ಬದುವಿನಲ್ಲಿ ಟಿಟ್ಟಿಭ, ಕರೆಂಟು ತಂತಿಯ ಮೇಲೆ, ಸಿಕ್ಕಿದರೆ, ನಮ್ಮ ರಾಜ್ಯಪಕ್ಷಿ ನೀಲಕಂಠ. 'ಸಿಕ್ಕಿದರೆ' ಎಂದೇ ಹೇಳಬೇಕಾಗಿದೆ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯಂತೆ, ದೀರ್ಘಕಾಲದ ಲೆಕ್ಕ ಸಿಕ್ಕ 338 ಬಗೆಯ ಹಕ್ಕಿಗಳಲ್ಲಿ ಶೇಕಡಾ 60ರಷ್ಟು ಕಡಿಮೆಯಾಗಿವೆ; ನೀಲಕಂಠವೂ ಅವುಗಳಲ್ಲಿ ಒಂದು. ಒಂದು ಜೀವಜಾತಿ ನಮ್ಮಿಂದಾಗಿ ಅಳಿದರೆ ಅದು ದೇವರಿಗೆ ಸಲ್ಲಿಸುತ್ತಿದ್ದ ಮಹಿಮೆಯೂ ನಿಂತುಹೋಗುತ್ತದೆ ಎಂದು ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು. ಹಡಿಲು ಬಿದ್ದ ಗದ್ದೆಯನ್ನು ಸೈಟು ಮಾಡಿ ಮಾರುವ ಮುನ್ನ ಮನೆಮಂದಿ ಕೂತು ಈ ಮಾತನ್ನೂ ಆಡಿಕೊಳ್ಳಬಹುದಲ್ಲವೇ?

ದುರ್ಬೀನು ಇಲ್ಲವೆಂದು ಹಿಂಜರಿಯಬೇಡಿ. ಒಂದು ನೋಟುಪುಸ್ತಕ, ಪೆನ್ಸಿಲ್ ಸಾಕು. ಕಂಡದ್ದನ್ನು ಮಕ್ಕಳೇ ಬರೆಯಲಿ, ಹೆಸರು ಗೊತ್ತಿಲ್ಲದಿದ್ದರೆ ಬಣ್ಣ ಬರೆಯಲಿ. ಗೂಡು ಕಂಡರೆ ದೂರ ಸರಿಯಿರಿ. ಗೂಡಿನಲ್ಲಿ ಕೂತ ತಾಯಿಹಕ್ಕಿಯನ್ನು ಹಿಡಿಯಬಾರದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವೇ ಹೇಳುತ್ತದೆ. ಶನಿವಾರವಾದರೆ ಒಳ್ಳೆಯದು. ಭಾನುವಾರವೇ ಹೊರಡುವುದಾದರೆ ಪೂಜೆ ಮುಗಿಸಿ ಹೊರಡಿ, ಬೆಳ್ಳಕ್ಕಿಗಳು ಸಂಜೆಗೂ ಇರುತ್ತವೆ.