ವ್ಯಾಯಾಮವೂ ಉಲ್ಲಾಸವೂ

ಶರೀರಶ್ರಮದಿಂದ ಮನಸ್ಸು ಪ್ರಸನ್ನವಾಗುವದೆಂಬ ಮಾತು ಈಗ ಎಲ್ಲರ ಬಾಯಲ್ಲಿಯೂ ಇರುವದು. ವೈದ್ಯರು ಹೇಳುವರು, ಪತ್ರಿಕೆಗಳು ಬರೆಯುವವು, ಮನೆಯ ಹಿರಿಯರು ಕಿರಿಯರಿಗೂ, ಈಚೆಗೆ ಕಿರಿಯರು ಹಿರಿಯರಿಗೂ ಇದನ್ನೇ ಉಪದೇಶಿಸುವರು. ಮಾತು ಸುಳ್ಳಲ್ಲ. ಆದರೆ ಬಹುಜನರ ಪಾಲಿಗೆ ನಿಜವಾದದ್ದು ಸರ್ವರ ಪಾಲಿಗೂ ನಿಜವಾಗಿರಲೇಬೇಕೆಂಬ ನಿಯಮವಿಲ್ಲ. ವರ್ಷಗಟ್ಟಲೆ ನಡೆದು, ಓಡಿ, ನಮಸ್ಕಾರಗಳನ್ನು ಹಾಕಿಯೂ ಆ ಪ್ರಸನ್ನತೆಯ ಮುಖವನ್ನು ಒಂದು ದಿನವಾದರೂ ಕಾಣದ ಜನರಿದ್ದಾರೆ. ಅವರು ಈ ಸಂಗತಿಯನ್ನು ಬಾಯಿಬಿಟ್ಟು ಹೇಳುವದು ಕಡಿಮೆ. ಹೇಳಿದರೆ ಸೋಮಾರಿಗಳೆಂಬ ಹೆಸರು ಬಂದೀತೆಂದು ಅಂಜುವರು. ಇದಕ್ಕೆ ಕಾರಣವೇನು? ಇದು ಅವರ ದೋಷವೇ? ಆನಂದವನ್ನು ಕೊಡದ ಕಾರ್ಯವನ್ನು ಅವರು ಮಾಡುತ್ತಿರಬೇಕೇ? ಈ ಮೂರು ಪ್ರಶ್ನೆಗಳೂ ವಿಚಾರಾರ್ಹವಾಗಿವೆ.

ಹೊಳನಗದ್ದೆಯನ್ನೇ ದೃಷ್ಟಾಂತಕ್ಕೆ ತೆಗೆದುಕೊಳ್ಳಬಹುದು. ಕುಮಟೆಯ ಸನಿಹದ ಈ ಗ್ರಾಮಕ್ಕೆ ಪಶ್ಚಿಮದಲ್ಲಿ ಕಡಲು, ಪೂರ್ವದ ದಿಗಂತದಲ್ಲಿ ಸಹ್ಯಾದ್ರಿ, ಹೆಸರಿನಲ್ಲಿಯೇ ಗದ್ದೆ. ಅಲ್ಲಿಯ ಇಬ್ಬರು ಗೆಳೆಯರು, ಇಬ್ಬರೂ ಅರುವತ್ತರ ಸಮೀಪದವರು, ಬೆಳಗಿನ ಜಾವದಲ್ಲಿ ಹೊಯಿಗೆಯ ಮೇಲೆ ಜೊತೆಯಾಗಿ ನಡೆಯುವರೆಂದು ಊಹಿಸಬಹುದು. ಅರ್ಧ ತಾಸಿನ ಮೇಲೆ ಒಬ್ಬನ ಮುಖವು ಅರಳಿರುತ್ತದೆ. “ಮೈ ಹಗುರಾಯ್ತು, ಮನಸ್ಸೂ ಹಗುರಾಯ್ತು. ನಿಂಗೆ ಹಾಗೆ ಆಗುವದಿಲ್ವೇನೋ?” ಎಂದು ಅವನು ಕೇಳುತ್ತಾನೆ. “ನಂಗೆ ಬೆವರು ಬಂತು ಮಾರಾಯ, ಕಾಲು ನೋವು ಬಂತು. ಬೇರೆ ಎಂಥದೂ ಆಗ್ಲಿಲ್ಲ” ಎಂದು ಎರಡನೆಯವನ ಉತ್ತರ. ದಾರಿ ಒಂದು, ಗಾಳಿ ಒಂದು, ನಡೆದ ದೂರವೂ ಒಂದೇ. ಫಲ ಮಾತ್ರ ಬೇರೆ. ಮೊದಲನೆಯವನು ಗೆಳೆಯನಲ್ಲಿ ಶ್ರದ್ಧೆ ಸಾಲದೆಂದು ತಿಳಿಯುತ್ತಾನೆ. ಎರಡನೆಯವನು ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಒಳಗೊಳಗೆ ಕೊರಗುತ್ತಾನೆ. ಇಬ್ಬರ ತೀರ್ಪೂ ವಿಚಾರ ಮಾಡಿ ಕೊಟ್ಟದ್ದಲ್ಲ.

ಮೊದಲು ಶಾರೀರಿಕ ಕಾರಣಗಳನ್ನು ನೋಡತಕ್ಕದ್ದು. 1970ರ ದಶಕದ ಮಧ್ಯದಲ್ಲಿ ಮಿದುಳು ತಾನೇ ಅಫೀಮಿನ ಗುಣವುಳ್ಳ ದ್ರವ್ಯಗಳನ್ನು ಉತ್ಪಾದಿಸುವದೆಂಬುದು ಗೊತ್ತಾಯಿತು. ಎಂಡೋರ್ಫಿನ್ ಎಂಬುದು ಈ ವರ್ಗದ್ದು. ಓಡುವವನ ಆನಂದಕ್ಕೆ ಇದೇ ಮೂಲವೆಂದು ಬಹುಕಾಲ ನಂಬಿಕೆಯಿತ್ತು. 1992ರಲ್ಲಿ ಜೆರುಸಲೇಮಿನ ರಸಾಯನಶಾಸ್ತ್ರಜ್ಞರು ಮಿದುಳಿನಲ್ಲಿ ಭಂಗಿಯ ಸತ್ತ್ವದಂತೆ ವರ್ತಿಸುವ ಇನ್ನೊಂದು ದ್ರವ್ಯವನ್ನು ಕಂಡುಹಿಡಿದು, ಸಂಸ್ಕೃತದ ‘ಆನಂದ’ ಶಬ್ದವನ್ನೇ ಎರವಲು ಪಡೆದು ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟರು. ಶ್ರಮದ ತರುವಾಯ ರಕ್ತದಲ್ಲಿ ಇದರ ಪ್ರಮಾಣವು ಏರುವದು. 2021ರಲ್ಲಿ ಹ್ಯಾಂಬರ್ಗಿನ ಸಂಶೋಧಕರು ಎಂಡೋರ್ಫಿನ್ನಿನ ಕಾರ್ಯವನ್ನು ತಡೆಯುವ ಔಷಧವನ್ನು ಕೊಟ್ಟು ಜನರನ್ನು ಓಡಿಸಿ ನೋಡಿದರು, ಉಲ್ಲಾಸವು ಅಡಗಲಿಲ್ಲ. ಆದುದರಿಂದ ಆನಂದಮೈಡಿನಂಥ ದ್ರವ್ಯಗಳ ಕಡೆಗೇ ಈಗ ಹೆಚ್ಚಿನ ಲಕ್ಷ್ಯವಿರುವದು. ಕಾರಣವು ಯಾವದೇ ಇರಲಿ, ಇವು ದೇಹದ ರಸಗಳು. ಒಬ್ಬನ ಜಠರಾಗ್ನಿಯಂತೆ ಮತ್ತೊಬ್ಬನದಿರದು. ಒಬ್ಬನ ನಿದ್ರೆಯಂತೆ ಮತ್ತೊಬ್ಬನದಿರದು. ಹೀಗಿರಲು ಈ ರಸಗಳು ಮಾತ್ರ ಎಲ್ಲರಲ್ಲಿಯೂ ಸಮನಾಗಿ ಒಸರಬೇಕೆಂದು ನಿರೀಕ್ಷಿಸುವದು ಹೇಗೆ?

ಎರಡನೆಯದು ಪ್ರಮಾಣದ ವಿಚಾರ. ಶ್ರಮವು ಏರುತ್ತ ಹೋದಂತೆ ಒಂದು ಗೆರೆಯು ಬರುವದು. ಅದರ ಈಚೆಗೆ ನಡೆಯುವವನು ಸುಖವಾಗಿ ಮಾತಾಡಬಲ್ಲನು. ಅದನ್ನು ದಾಟಿದರೆ ಉಸಿರು ಬಿರುಸಾಗಿ ಮಾತು ತುಂಡು ತುಂಡಾಗುವದು. ಎಕ್ಕೆಕಾಕಿಸ್ ಮೊದಲಾದ ವಿದ್ವಾಂಸರು ಈ ವಿಷಯವನ್ನು ಬಹುಕಾಲ ಪರಿಶೀಲಿಸಿದ್ದಾರೆ. ಗೆರೆಯ ಈಚೆಗೆ ಹೆಚ್ಚಿನವರಿಗೆ ಹಿತವಾಗುವದು. ಗೆರೆಯ ಸಮೀಪದಲ್ಲಿ ಕೆಲವರಿಗೆ ಹಿತ, ಕೆಲವರಿಗೆ ಅಹಿತ. ಗೆರೆಯನ್ನು ಮೀರಿದ ಮೇಲೆ ಬಹುತೇಕ ಎಲ್ಲರಿಗೂ ಅಹಿತವೇ. ಅಭ್ಯಾಸವಿಲ್ಲದವನಿಗೆ, ಮೈಭಾರವುಳ್ಳವನಿಗೆ ಈ ಗೆರೆಯು ತೀರ ಹತ್ತಿರದಲ್ಲಿರುವದು. ಕಡಲದಂಡೆಯ ಇಬ್ಬರು ಗೆಳೆಯರು ಒಂದೇ ವೇಗದಿಂದ ನಡೆಯುವಾಗ ಒಬ್ಬನು ವಿಹಾರ ಮಾಡುತ್ತಿರಬಹುದು, ಇನ್ನೊಬ್ಬನು ಹೋರಾಡುತ್ತಿರಬಹುದು. ನೋಡುವವರಿಗೆ ಈ ಭೇದವು ಕಾಣದು.

ನಮ್ಮ ಪೂರ್ವಿಕರು ಈ ಗೆರೆಯನ್ನು ಅರಿಯದವರಾಗಿರಲಿಲ್ಲ. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟೇ ಮಾಡತಕ್ಕದ್ದೆಂದು ಸುಶ್ರುತಸಂಹಿತೆಯು ವಿಧಿಸುವದು. ಎದೆಯ ವಾಯುವು ಬಾಯಿಗೆ ಬರಲಾರಂಭಿಸುವದೇ ಅರ್ಧಬಲದ ಲಕ್ಷಣವೆಂದೂ ತಿಳಿಸುವದು. ಅಷ್ಟಾಂಗಹೃದಯವು ಋತುಭೇದವನ್ನೂ ಸೇರಿಸಿ, ಶೀತಕಾಲದಲ್ಲಿಯೂ ವಸಂತದಲ್ಲಿಯೂ ಅರ್ಧಬಲ, ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ ಎಂದು ಹೇಳುವದು. ಇಲ್ಲಿ ಗಮನಿಸತಕ್ಕ ಮಾತೆಂದರೆ, ಅಳತೆಗೋಲು ‘ತನ್ನ’ ಬಲ, ನೆರೆಯವನ ಬಲವಲ್ಲ.

ಮೂರನೆಯದಾಗಿ, ಸಂಶೋಧನೆಗಳು ಹೇಳುವದು ಸರಾಸರಿಯ ಮಾತನ್ನು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಿಷಾದರೋಗದಿಂದ ಬಳಲುತ್ತಿದ್ದ 156 ಮಂದಿಯ ಮೇಲೆ ನಡೆದ ಒಂದು ಪರೀಕ್ಷೆಯು 1999ರಲ್ಲಿ ಪ್ರಕಟವಾಯಿತು. ಅವರೆಲ್ಲರೂ 50 ವರ್ಷ ದಾಟಿದವರು. 16 ವಾರಗಳ ಕೊನೆಗೆ ವ್ಯಾಯಾಮದ ಗುಣವು ಔಷಧದ ಗುಣಕ್ಕೆ ಸರಿಸಮನೆಂದು ಕಂಡಿತು. ಈ ವಾರ್ತೆಯು ಲೋಕಪ್ರಸಿದ್ಧವಾಯಿತು. ಆದರೆ ವ್ಯಾಯಾಮ ಮಾಡಿದವರಲ್ಲಿ ರೋಗಮುಕ್ತರಾದವರು ಪ್ರತಿ ಹತ್ತರಲ್ಲಿ ಆರು ಮಂದಿಯಷ್ಟು. ಉಳಿದ ನಾಲ್ವರ ಸುದ್ದಿಯನ್ನು ಯಾರೂ ಕೇಳಲಿಲ್ಲ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 481 ಮಂದಿಗೆ 20 ವಾರಗಳ ವರೆಗೆ ಒಂದೇ ಕ್ರಮದ ವ್ಯಾಯಾಮವನ್ನು ಮಾಡಿಸಿದರು. ಶ್ರಮಕಾಲದಲ್ಲಿ ಪ್ರಾಣವಾಯುವನ್ನು ಬಳಸುವ ಅವರ ಶಕ್ತಿಯು ಸರಾಸರಿಯಲ್ಲಿ ನಿಮಿಷಕ್ಕೆ ಸುಮಾರು 400 ಮಿಲಿಲೀಟರಿನಷ್ಟು ಹೆಚ್ಚಿತು. ಆದರೆ ಕೆಲವರಲ್ಲಿ ಅದು ಒಂದು ಲೀಟರನ್ನು ಮೀರಿ ಏರಿದರೆ, ಕೆಲವರಲ್ಲಿ ಏರಲೇ ಇಲ್ಲ. ಈ ಭೇದದ ಅರ್ಧದಷ್ಟು ಪಾಲು ಮನೆತನದಿಂದ ಬರುವದೆಂದು ಲೆಕ್ಕ ಹಾಕಲಾಯಿತು. ಅಳೆಯಬಲ್ಲ ದೇಹಶಕ್ತಿಯೇ ಹೀಗೆ ಮನುಷ್ಯನಿಂದ ಮನುಷ್ಯನಿಗೆ ಬೇರೆಯಾದರೆ, ಅಳತೆಗೆ ಸಿಕ್ಕದ ಮನಸ್ಸಿನ ಮಾತೇನು?

ಇವಲ್ಲದೆ ವ್ಯಾಧಿಯ ಕಾರಣಗಳೂ ಇರುವವು. ರಕ್ತಹೀನತೆಯುಳ್ಳ ಹೆಂಗಸಿಗೆ, ಥೈರಾಯ್ಡ್ ಗ್ರಂಥಿಯು ಮಂದವಾದವರಿಗೆ, ರಕ್ತದೊತ್ತಡದ ಕೆಲವು ಔಷಧಗಳನ್ನು ಸೇವಿಸುವವರಿಗೆ ನಡಿಗೆಯು ದಣಿವನ್ನೇ ತರಬಹುದು. ವಿಷಾದರೋಗವು ಸುಖಪಡುವ ಶಕ್ತಿಯನ್ನೇ ಕುಂದಿಸುವದು. ಆ ಸ್ಥಿತಿಯಲ್ಲಿ ನೆಚ್ಚಿನ ಊಟವೂ ರುಚಿಸದು, ನಡಿಗೆಯು ರುಚಿಸುವದೆಂತು? ಶ್ರಮಪಟ್ಟಷ್ಟೂ ಉಲ್ಬಣಿಸುವ ದೀರ್ಘಕಾಲದ ಆಯಾಸರೋಗವೊಂದಿದೆ. ಅದರ ರೋಗಿಗಳಿಗೆ ದಿನದಿನಕ್ಕೆ ವ್ಯಾಯಾಮವನ್ನು ಏರಿಸುವ ಚಿಕಿತ್ಸೆಯು ತಕ್ಕದ್ದಲ್ಲವೆಂದು ಇಂಗ್ಲೆಂಡಿನ ಆರೋಗ್ಯ ಮಾರ್ಗದರ್ಶಿಯು 2021ರಲ್ಲಿ ತನ್ನ ಹಿಂದಿನ ಸಲಹೆಯನ್ನು ತಿದ್ದಿಕೊಂಡಿತು. ಆದುದರಿಂದ, ನಡೆದ ಮೇಲೆ ದಿನಗಟ್ಟಲೆ ಕುಗ್ಗುವವನಿಗೆ ಮೊದಲು ಬೇಕಾದದ್ದು ವೈದ್ಯನು, ಉಪದೇಶಕನಲ್ಲ.

ಇಷ್ಟು ದೇಹದ ಮಾತಾಯಿತು. ಇದಕ್ಕಿಂತಲೂ ಗಹನವಾದದ್ದು ಜೀವನಸ್ಥಿತಿಯ ಮಾತು. ಕರಾವಳಿಯ ಮಳೆಗಾಲದಲ್ಲಿ 300 ಸೆಂಟಿಮೀಟರನ್ನು ಮೀರಿ ಮಳೆ ಸುರಿಯುವದು. ಆ ಮಳೆಯಲ್ಲಿ ಕೆಸರುಗದ್ದೆಗೆ ಇಳಿದು, ದಿನವಿಡೀ ಸೊಂಟ ಬಗ್ಗಿಸಿ ಸಸಿ ನೆಡುವ ಹೆಂಗಸಿನ ಮೈ ಪಡುವ ಶ್ರಮವು ಯಾವ ವ್ಯಾಯಾಮಶಾಲೆಯ ಶ್ರಮಕ್ಕೂ ಕಡಿಮೆಯಲ್ಲ. ಸಂಜೆಗೆ ಅವಳಲ್ಲಿ ಉಲ್ಲಾಸವು ಉಕ್ಕುವದೇ? ಮೀನಿನ ಬುಟ್ಟಿಯನ್ನು ಹೊತ್ತು ಮನೆಮನೆ ತಿರುಗುವವಳಿಗೆ ನಡಿಗೆಯ ಗುಣವನ್ನು ವರ್ಣಿಸಿದರೆ ಅವಳು ನಕ್ಕಾಳು. ಬಿಡುವಿನ ವೇಳೆಯಲ್ಲಿ ತಾನಾಗಿ ಕೈಕೊಂಡ ಶ್ರಮದಿಂದ ಮನಸ್ಸಿಗೆ ಕಾಣುವ ಹಿತವು ಹೊಟ್ಟೆಪಾಡಿನ ಶ್ರಮದಲ್ಲಿ ಹಾಗೆ ಕಾಣುವದಿಲ್ಲವೆಂದು ಆಧುನಿಕ ಅಧ್ಯಯನಗಳೂ ತೋರಿಸಿವೆ. ಭಾರ ಹೊತ್ತು, ದಾರಿ ನಡೆದು ಸೊರಗಿದವರೂ, ಕ್ರೋಧ ಶೋಕ ಭಯಗಳಿಂದ ಆಕ್ರಾಂತರಾದವರೂ, ಹಸಿದವರೂ, ಬಾಯಾರಿದವರೂ ವ್ಯಾಯಾಮವನ್ನು ಬಿಡಬೇಕೆಂದು ಚರಕಸಂಹಿತೆಯು ಹೇಳುವಲ್ಲಿ ಎಂಥ ಕರುಣೆಯುಳ್ಳ ವೈದ್ಯದೃಷ್ಟಿಯಿದೆ!

ಆದರೆ ಅದೇ ದುಡಿಯುವ ಮೈ ಸುಗ್ಗಿಯ ದಿನಗಳಲ್ಲಿ ಬೇರೆಯೇ ಆಗುವದನ್ನು ಈ ಜಿಲ್ಲೆಯವರು ಬಲ್ಲರು. ಹೋಳಿಹುಣ್ಣಿಮೆಯ ಸುಮಾರಿಗೆ ಹಾಲಕ್ಕಿ ಒಕ್ಕಲಿಗರು ತಲೆಗೆ ದೊಡ್ಡ ತುರಾಯಿ ಕಟ್ಟಿ, ಗುಮಟೆಯ ನಾದಕ್ಕೆ ಹೆಜ್ಜೆ ಹಾಕುತ್ತ ಮನೆಯಿಂದ ಮನೆಗೆ, ಊರಿನಿಂದ ಊರಿಗೆ ಕುಣಿಯುತ್ತ ಹೋಗುವರು. ಶ್ರಮವೇನೂ ಕಡಿಮೆಯಲ್ಲ, ಆದರೂ ಅಲ್ಲಿ ಮುಖವು ಬಾಡುವದಿಲ್ಲ. ಈ ಕರಾವಳಿಯಲ್ಲಿ ಹಿಂದೆ ರಂಪಣಿ ಬಲೆಯನ್ನು ಹತ್ತಾರು ಜನರು ಸಾಲಾಗಿ ನಿಂತು ಒಂದೇ ತಾಳದಲ್ಲಿ ದಡಕ್ಕೆ ಎಳೆಯುತ್ತಿದ್ದರು. 1970ರ ದಶಕದಲ್ಲಿ ಯಂತ್ರದೋಣಿಗಳ ದೊಡ್ಡ ಬಲೆಗಳು ಬಂದ ತರುವಾಯ ಅದು ಹಿಂದೆ ಸರಿಯಿತು. ಆಕ್ಸ್‌ಫರ್ಡಿನಲ್ಲಿ ದೋಣಿಯ ಹುಟ್ಟು ಹಾಕುವ ತರುಣರನ್ನು ಪರೀಕ್ಷಿಸಿದವರು, ಒಬ್ಬೊಬ್ಬನೇ ಹುಟ್ಟು ಹಾಕಿದಾಗ ಇದ್ದದ್ದಕ್ಕಿಂತ ಎಲ್ಲರೂ ಕೂಡಿ ಒಂದೇ ಲಯದಲ್ಲಿ ಹಾಕಿದಾಗ ನೋವನ್ನು ಸಹಿಸುವ ಶಕ್ತಿಯು ಹೆಚ್ಚಾಗುವದನ್ನು ಕಂಡರು. ಪಟ್ಟ ಶ್ರಮವು ಎರಡು ಸಲವೂ ಒಂದೇ. ಅಂದ ಮೇಲೆ ಉಲ್ಲಾಸವು ಸ್ನಾಯುವಿನ ಚಲನೆಯಿಂದಷ್ಟೇ ಹುಟ್ಟುವದಿಲ್ಲ. ಸಂಗಡಿಗರು, ಲಯ, ಸ್ವಾತಂತ್ರ್ಯ, ಮಾಡುವ ಕಾರ್ಯದ ಅರ್ಥ ಇವೆಲ್ಲ ಕೂಡಿದಾಗ ಅದು ಒದಗುವದು. ಒಂಟಿಯಾಗಿ, ಗಡಿಯಾರವನ್ನು ನೋಡುತ್ತ, ವೈದ್ಯನ ಹೆದರಿಕೆಗೆ ನಡೆಯುವವನಿಗೆ ಅದು ಒದಗದಿದ್ದರೆ ಆಶ್ಚರ್ಯವಿಲ್ಲ.

ಈಗ ನೀತಿಯ ಪ್ರಶ್ನೆ. ಉಲ್ಲಾಸವನ್ನು ಕಾಣದವನು ದೋಷಿಯೇ? ಮೇಲಿನ ಕಾರಣಗಳಲ್ಲಿ ಒಂದೂ ಅವನ ಶೀಲಕ್ಕೆ ಸಂಬಂಧಪಟ್ಟದ್ದಲ್ಲ. ಸಂಗೀತವನ್ನು ಕೇಳಿ ಪುಲಕಗೊಳ್ಳದವನನ್ನು ಯಾರೂ ದುಷ್ಟನೆನ್ನುವದಿಲ್ಲ. ಆದರೆ ವ್ಯಾಯಾಮದ ವಿಷಯದಲ್ಲಿ ಲೋಕವು ಹಾಗೆ ಉದಾರವಾಗಿಲ್ಲ. ನಡೆದು ಸುಖಪಡುವವನು ತನ್ನ ಸುಖವನ್ನು ತನ್ನ ಸದ್ಗುಣದ ಸಂಬಳವೆಂದು ತಿಳಿಯುವನು. ಆ ಸಂಬಳವು ಬಾರದವನು ದುಡಿದೇ ಇಲ್ಲವೆಂದು ತೀರ್ಮಾನಿಸುವನು. ಇದು ಪ್ರಕೃತಿಯು ಕೊಟ್ಟ ಉಡುಗೊರೆಯನ್ನು ಸ್ವಂತ ಗಳಿಕೆಯೆಂದು ಹೇಳಿಕೊಂಡಂತೆ. ಮನೆಗಳಲ್ಲಿ ಇದರಿಂದ ಆಗುವ ನೋವು ಸಣ್ಣದಲ್ಲ. ದುಃಖದಲ್ಲಿರುವ ಮಗಳಿಗೆ, ಕೆಲಸ ಕಳೆದುಕೊಂಡ ಮಗನಿಗೆ, ವಿಧುರನಾದ ಅಣ್ಣನಿಗೆ ‘ನಾಲ್ಕು ಹೆಜ್ಜೆ ನಡೆ, ಎಲ್ಲ ಸರಿಹೋಗುವದು’ ಎಂದು ಹೇಳುವದು ಬಹು ಸುಲಭ. ಅವರು ನಡೆದು ಬಂದು, ಸರಿಹೋಗಲಿಲ್ಲವೆಂದರೆ ಮಾತ್ರ ಕೇಳುವವರಿಲ್ಲ. ಮೊದಲಿನ ದುಃಖಕ್ಕೆ ಅಪರಾಧಿಭಾವವೂ ಸೇರಿದಂತಾಗುವದು. ಸದುದ್ದೇಶದ ಉಪದೇಶವು ಕೂಡ, ಕೇಳುವ ಕಿವಿಯಿಲ್ಲದಾಗ, ಒಂದು ಬಗೆಯ ಕ್ರೌರ್ಯವೇ ಸರಿ.

ಹಾಗಾದರೆ ಅವನು ನಡೆಯುವದನ್ನು ಬಿಡಬೇಕೇ? ಬಿಡಬೇಕಾಗಿಲ್ಲ. ಮನಸ್ಸು ಅರಳದಿದ್ದರೂ ರಕ್ತದೊತ್ತಡವು ಇಳಿಯುವದು, ಸಕ್ಕರೆಯು ಹತೋಟಿಗೆ ಬರುವದು, ಎಲುಬು ಗಟ್ಟಿಯಾಗುವದು, ಮುಪ್ಪಿನಲ್ಲಿ ಬೀಳುವ ಭಯವು ಕಡಿಮೆಯಾಗುವದು. ವಾರಕ್ಕೆ 150 ನಿಮಿಷಗಳ ಮಿತಶ್ರಮವಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವದು ಈ ಲಾಭಗಳನ್ನು ನೋಡಿ. ಇವು ಮೌನವಾಗಿ ಬರುವ ಲಾಭಗಳು; ಬಂದದ್ದು ಬಂದವನಿಗೇ ತಿಳಿಯದು. ಫಲದ ಮೇಲೆ ಹಕ್ಕು ಸಾಧಿಸದೆ ಕರ್ಮ ಮಾಡಬೇಕೆಂಬ ಗೀತೆಯ ಬೋಧೆಯನ್ನು ಯುದ್ಧಭೂಮಿಗೆ, ದೊಡ್ಡ ತ್ಯಾಗಗಳಿಗೆ ಅನ್ವಯಿಸುವದು ವಾಡಿಕೆ. ಅದಕ್ಕೆ ದಿನನಿತ್ಯದ ಸಣ್ಣ ಪ್ರಯೋಗಸ್ಥಳವೊಂದು ಇಲ್ಲಿದೆ. ಉಲ್ಲಾಸ ಪಡೆಯುವವನಿಗೆ ಕೂಲಿಯು ಅಲ್ಲಿಂದಲ್ಲಿಗೆ ಸಂದುಹೋಗುವದು. ಅವನು ನಾಳೆಯೂ ಬರುವದರಲ್ಲಿ ವಿಶೇಷವೇನೂ ಇಲ್ಲ. ಯಾವ ಕೂಲಿಯೂ ಇಲ್ಲದೆ, ಮಕ್ಕಳಿಗೆ ತಾನು ಹೊರೆಯಾಗಬಾರದೆಂಬ ಒಂದೇ ವಿಚಾರದಿಂದ ನಾಳೆಯೂ ಬರುವವನ ನಿಷ್ಠೆಯು ದೊಡ್ಡದು. ಅವನನ್ನು ಸೋಮಾರಿಯೆಂದು ಕರೆದ ನಾಲಿಗೆಯು ನಾಚಬೇಕು.

ಆದರೆ ಎಲ್ಲರೂ ನಿತ್ಯವೂ ವೀರರಾಗಿರಬೇಕೆಂದು ಹೇಳುವದೂ ತರವಲ್ಲ. ಬರಿಯ ನಡಿಗೆಯು ಬೇಸರವಾದವನು ತೆಂಗಿನ ಗಿಡಗಳಿಗೆ ನೀರು ಹೊತ್ತು ಹಾಕಬಹುದು, ಭಜನೆಗೆ ನಡೆದು ಹೋಗಬಹುದು, ಮೊಮ್ಮಗನ ಕೈಹಿಡಿದು ಶಾಲೆಗೆ ಬಿಟ್ಟುಬರಬಹುದು. ಅಲ್ಲಿ ಶ್ರಮಕ್ಕೊಂದು ಅರ್ಥವಿರುವದು. ಉಲ್ಲಾಸವು ಬಾರದಿದ್ದರೂ ಕೆಲಸವಾದ ಸಮಾಧಾನವಾದರೂ ಉಳಿಯುವದು. ವೇಗವನ್ನು ಮಾತ್ರ ತನ್ನ ಉಸಿರನ್ನು ಕೇಳಿ ಗೊತ್ತುಮಾಡಬೇಕೇ ಹೊರತು ಜೊತೆಗಾರನ ಕಾಲನ್ನು ನೋಡಿಯಲ್ಲ.

ಕಡಲದಂಡೆಯ ಆ ಇಬ್ಬರು ಗೆಳೆಯರು ನಾಳೆಯೂ ನಡೆಯಲಿ. ಮೊದಲನೆಯವನು ತನ್ನ ಹೆಜ್ಜೆಯನ್ನು ಒಂದಿಷ್ಟು ನಿಧಾನಿಸಲಿ. ‘ನಿಂಗೆ ಹಾಗೆ ಆಗುವದಿಲ್ವೇನೋ’ ಎಂದು ಕೇಳುವದನ್ನು ಬಿಡಲಿ. ಎರಡನೆಯವನು ಬಾರದ ಆನಂದಕ್ಕಾಗಿ ಕಾಯುವದನ್ನೂ, ಅದು ಬಾರದ್ದಕ್ಕೆ ತನ್ನನ್ನು ಹಳಿದುಕೊಳ್ಳುವದನ್ನೂ ಬಿಡಲಿ. ಹೊಯಿಗೆಯ ಮೇಲೆ ಮೂಡಿದ ಇಬ್ಬರ ಹೆಜ್ಜೆಗಳಲ್ಲಿ ಉಲ್ಲಾಸದಿಂದ ಇಟ್ಟದ್ದು ಯಾವದು, ಕರ್ತವ್ಯದಿಂದ ಇಟ್ಟದ್ದು ಯಾವದು ಎಂದು ಯಾರೂ ಗುರುತಿಸಲಾರರು; ಎರಡೂ ಒಂದೇ ದೂರವನ್ನು ಕ್ರಮಿಸಿರುವವು.