ಪರರ ನೋವು, ಹಾಡುವ ಅಧಿಕಾರ

ಒಂದು ಜನಾಂಗ ತಲೆಮಾರುಗಳ ಕಾಲ ಉಂಡ ನೋವಿನಿಂದ ಹುಟ್ಟಿದ ಹಾಡನ್ನು ಆ ನೋವು ಉಣ್ಣದವನು ಸತ್ಯವಾಗಿ ಹಾಡಬಲ್ಲನೇ ಎಂಬುದು ಮೇಲ್ನೋಟಕ್ಕೆ ಕಲೆಯ ಪ್ರಶ್ನೆಯಾಗಿ ಕಂಡರೂ ಮೂಲದಲ್ಲಿ ಧರ್ಮದ ಪ್ರಶ್ನೆ. ಏಕೆಂದರೆ ಅದು ಅಧಿಕಾರವನ್ನು, ಎಂದರೆ ಒಂದು ಸಾಧನೆಗೆ ಕೈಹಾಕುವವನಲ್ಲಿ ಇರಬೇಕಾದ ಅರ್ಹತೆಯನ್ನು, ಕುರಿತದ್ದು. ಗುಲಾಮಗಿರಿ ಅಳಿದ ಮೇಲೂ ಹತ್ತಿ ಹೊಲಗಳ ಪಾಲು-ಸಾಲಗಳಿಂದ ಬಿಡುಗಡೆ ಕಾಣದ ಅಮೆರಿಕದ ದಕ್ಷಿಣದ ಕಪ್ಪು ಜನರ ನಡುವೆ ರೂಪುಗೊಂಡ ಬ್ಲೂಸ್ ಸಂಗೀತದಲ್ಲಿ ಹಲವು ವೇಳೆ ಒಂದೇ ಸಾಲನ್ನು ಎರಡು ಸಲ ಹಾಡಿ ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡಲಾಗುತ್ತದೆ. ಕೆಲವು ಸ್ವರಗಳು ತಮ್ಮ ಸ್ಥಾನದಿಂದ ತುಸು ಕೆಳಕ್ಕೆ ಬಾಗುತ್ತವೆ. ಆ ಬಾಗು ಕೇವಲ ಅಲಂಕಾರವೆಂದು ಯಾರೂ ಹೇಳಲಾರರು.

ಬ್ರಿಟನ್ನಿನಲ್ಲಿ ಈ ಸಂಗೀತಕ್ಕೆ ನೆಲೆ ಕಟ್ಟಿದವರಲ್ಲಿ ಮೊದಲಿಗನಾದ ಅಲೆಕ್ಸಿಸ್ ಕಾರ್ನರ್ ಹುಟ್ಟಿನಿಂದ ಇಂಗ್ಲಿಷರವನೂ ಅಲ್ಲ. ಆಸ್ಟ್ರಿಯದ ಯಹೂದಿ ತಂದೆಗೆ 1928ರಲ್ಲಿ ಪ್ಯಾರಿಸ್‌ನಲ್ಲಿ ಜನಿಸಿ, ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಲಂಡನ್ ಸೇರಿದ ಈತ, ವಿಮಾನದಾಳಿ ನಡೆಯುತ್ತಿದ್ದಾಗ ಅಮೆರಿಕದ ಪಿಯಾನೊ ವಾದಕ ಜಿಮ್ಮಿ ಯಾನ್ಸಿಯ ಧ್ವನಿಮುದ್ರಿಕೆಯನ್ನು ಕೇಳಿ ಅದಕ್ಕೆ ಮಾರುಹೋದನು. ಮಿಸಿಸಿಪ್ಪಿಯ ಹೊಲದ ದುಡಿಮೆ ಅವನದಲ್ಲ, ನಿಜ. ನೆಲೆ ತಪ್ಪಿದವನ ಅಳುಕು ಅವನಿಗೆ ಅಪರಿಚಿತವೂ ಅಲ್ಲ.

ಇಲ್ಲಿ ಎರಡು ಭಾರತೀಯ ವಿಚಾರಧಾರೆಗಳು ಎದುರುಬದುರಾಗುತ್ತವೆ. ಕಾವ್ಯಮೀಮಾಂಸಕ ಭಟ್ಟನಾಯಕನು ಹೇಳಿದ ಸಾಧಾರಣೀಕರಣದ ಪ್ರಕಾರ, ಕಾವ್ಯದಲ್ಲಿ ಮೂಡಿದ ಶೋಕವು ಇಂಥವನದು ಎಂಬ ಗುರುತನ್ನು ಕಳಚಿಕೊಂಡು ಎಲ್ಲರೂ ಆಸ್ವಾದಿಸಬಹುದಾದ ಭಾವವಾಗುತ್ತದೆ. ವಚನಕಾರರ ನಿಲುವಾದರೋ ನುಡಿಯ ಹಿಂದೆ ನಡೆ ಇರಬೇಕು, ಬಾಳಿನಲ್ಲಿ ಕಾಣದ್ದನ್ನು ಬಾಯಿ ಆಡಬಾರದು ಎಂಬುದು. ಮೊದಲನೆಯದು ಕೇಳುಗನ ಸಮಸ್ಯೆಯನ್ನು ಬಿಡಿಸುತ್ತದೆಯೇ ಹೊರತು ಹಾಡುಗನದನ್ನಲ್ಲ. ಎರಡನೆಯದನ್ನು ಹುಟ್ಟಿನ ನಿಯಮವಾಗಿ ಓದಿದರೆ ಅದು ವಚನಕಾರರೇ ಒಡೆಯಹೊರಟ ಗೋಡೆಯನ್ನು ಮತ್ತೆ ಕಟ್ಟಿದಂತಾಗುತ್ತದೆ.

ಹುಟ್ಟಿನ ಶುದ್ಧಿಯನ್ನು ಹುಡುಕುವುದರ ಅಪಾಯ 1958ರಲ್ಲಿ ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಇಂಗ್ಲೆಂಡಿಗೆ ಬಂದಾಗ ಬಯಲಾಯಿತು. ಹಳ್ಳಿಯ ಬಡವನೊಬ್ಬ ಮರದ ಗಿಟಾರ್ ಹಿಡಿದು ನರಳುವುದೇ ನಿಜವಾದ ಬ್ಲೂಸ್ ಎಂದು ನಂಬಿದ್ದ ಹಲವರಿಗೆ ಆತನ ವಿದ್ಯುತ್ ಗಿಟಾರಿನ ಅಬ್ಬರ ಅಪಚಾರವಾಗಿ ಕೇಳಿಸಿತು. 1943ರಲ್ಲಿ ಮಿಸಿಸಿಪ್ಪಿ ಬಿಟ್ಟು ಶಿಕಾಗೊ ಸೇರಿದ ವಾಟರ್ಸ್‌ಗೆ ಅಲ್ಲಿನ ಗದ್ದಲದ ಹೆಂಡದಂಗಡಿಗಳಲ್ಲಿ ದನಿ ಮುಟ್ಟಿಸಲು ಆ ವಾದ್ಯವೇ ಬೇಕಾಗಿತ್ತು. ನೋವು ಉಣ್ಣದವರು ಉಂಡವನಿಗೆ ಹೇಗೆ ಅಳಬೇಕೆಂದು ವಿಧಿಸಿದ ಈ ಪ್ರಸಂಗಕ್ಕಿಂತ ದೊಡ್ಡ ಅನಧಿಕಾರ ಇನ್ನೊಂದಿರಲಾರದು. ಕಾರ್ನರ್ ಮತ್ತು ಆತನ ಜೊತೆಗಾರ, ಹಾರ್ಮೋನಿಕಾ ವಾದಕ ಸಿರಿಲ್ ಡೇವಿಸ್ ಇಬ್ಬರೂ ವಾಟರ್ಸ್ ತೋರಿದ ದಾರಿಯನ್ನೇ ಹಿಡಿದು 1961ರಲ್ಲಿ ಬ್ಲೂಸ್ ಇನ್‌ಕಾರ್ಪೊರೇಟೆಡ್ ತಂಡ ಕಟ್ಟಿದರು. 1962ರ ಮಾರ್ಚ್ 17ರಂದು ಲಂಡನ್ನಿನ ಈಲಿಂಗ್‌ನ ಒಂದು ನೆಲಮಾಳಿಗೆಯಲ್ಲಿ ತಮ್ಮ ಕ್ಲಬ್ ತೆರೆದರು. ಚಾರ್ಲಿ ವಾಟ್ಸ್, ಜಾಕ್ ಬ್ರೂಸ್, ಮಿಕ್ ಜ್ಯಾಗರ್ ಮೊದಲಾದ ಎಳೆಯರು ಅಲ್ಲಿ ನುಡಿಸಿ, ಹಾಡಿ ಬೆಳೆದರು. ಅವರ ಕೀರ್ತಿ ಕಾರ್ನರನದನ್ನು ಬಹುಬೇಗ ಮೀರಿತು.

ಹಾಗಾದರೆ ಅಧಿಕಾರ ಎಲ್ಲಿಂದ ಬರುತ್ತದೆ? ಅದು ರಕ್ತದಿಂದಲ್ಲ, ಋಣದ ಅರಿವಿನಿಂದ ಎಂಬುದು ಕಾರ್ನರನ ಬಾಳನ್ನು ನೋಡಿದಾಗ ಹೆಚ್ಚು ಸರಿಯೆನಿಸುತ್ತದೆ. ಮನುಷ್ಯ ಹುಟ್ಟುತ್ತಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಋಣಿ ಎನ್ನುವ ವೈದಿಕ ಕಲ್ಪನೆಯಲ್ಲಿ ಋಷಿಋಣ ತೀರುವುದು ಕಲಿಯುವುದರಿಂದ. ಕಾರ್ನರ್ ಕಲಿತದ್ದನ್ನು ವೇದಿಕೆಯಲ್ಲಿ ಹಂಚಿದನು, ಬಿಬಿಸಿ ರೇಡಿಯೊ ಕಾರ್ಯಕ್ರಮಗಳಲ್ಲಿ ಕೇಳಿಸಿದನು. ಆದರೆ ಹಾಡು ಸರಕಾದಾಗ ಋಣಕ್ಕೆ ಹಣದ ಮುಖವೂ ಇರುತ್ತದೆ, ಅದನ್ನು ಭಕ್ತಿಯೊಂದೇ ತೀರಿಸಲಾರದು. ವಿಲಿ ಡಿಕ್ಸನ್ ರಚಿಸಿ ವಾಟರ್ಸ್ ಹಾಡಿದ ಗೀತೆಯೊಂದರ ಸಾಲುಗಳನ್ನು ಲೆಡ್ ಜೆಪ್ಪೆಲಿನ್ ತಂಡ 1969ರಲ್ಲಿ ಡಿಕ್ಸನ್‌ನ ಹೆಸರಿಲ್ಲದೆ ತನ್ನ ಹಾಡೊಂದರಲ್ಲಿ ಬಳಸಿತು. ಮರುವರ್ಷ ಆ ಹಾಡನ್ನೇ ಕಾರ್ನರ್ ಇದ್ದ ಸಿ.ಸಿ.ಎಸ್. ತಂಡ ನುಡಿಸಿತು, ಅದು ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮದ ಶೀರ್ಷಿಕೆ ಸಂಗೀತಕ್ಕೆ ಆಧಾರವಾಗಿ ಮನೆಮನೆಗೂ ತಲುಪಿತು. ಡಿಕ್ಸನ್ ಹೂಡಿದ ದಾವೆ ರಾಜಿಯಲ್ಲಿ ಮುಗಿದದ್ದು 1987ರಲ್ಲಿ. ಕಾರ್ನರ್ ತೀರಿಕೊಂಡು ಆಗಲೇ ಮೂರು ವರ್ಷಗಳಾಗಿದ್ದವು.