ಮುದಿ ಬೆಕ್ಕಿನ ಹಕ್ಕು

ಸಹಾಬಿವರ್ಯ ಅಬೂ ಕತಾದಾ(ರ) ಒಂದು ದಿನ ಮಗನ ಮನೆಗೆ ಬಂದಿದ್ದರು. ಸೊಸೆ ಕಬ್ಶಾ ಅವರಿಗೆ ವುಝೂ ಮಾಡಲೆಂದು ಪಾತ್ರೆಯಲ್ಲಿ ನೀರು ತುಂಬಿಸಿಟ್ಟರು. ಅಷ್ಟರಲ್ಲಿ ಬೆಕ್ಕೊಂದು ಬಂದು ಆ ನೀರನ್ನು ಕುಡಿಯಲು ಹವಣಿಸಿತು. ಅಬೂ ಕತಾದಾ(ರ) ಅದನ್ನು ಓಡಿಸಲಿಲ್ಲ. ಅದರ ಬಾಯಿಗೆ ನೀರು ಎಟಕುವಂತೆ ಪಾತ್ರೆಯನ್ನೇ ಓರೆ ಮಾಡಿ ಹಿಡಿದು, ಕುಡಿದು ಮುಗಿಸುವವರೆಗೂ ಕಾದರು. ಸೊಸೆ ಅಚ್ಚರಿಯಿಂದ ನೋಡುತ್ತಿದ್ದುದು ಅವರ ಗಮನಕ್ಕೆ ಬಂತು. ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡಿಕೊಂಡಿರುವ ಜೀವಿಗಳಲ್ಲೊಂದು ಎಂದು ಪ್ರವಾದಿ(ಸ) ಹೇಳಿದ್ದನ್ನು ಅವರು ಆಕೆಗೆ ತಿಳಿಸಿದರು. ಅಬೂದಾವೂದ್, ತಿರ್ಮಿದಿ ಮೊದಲಾದ ಗ್ರಂಥಗಳಲ್ಲಿ ಈ ಹದೀಸ್ ಇದೆ.

ಪ್ರಿಯ ಓದುಗರೇ, ಇಲ್ಲಿ 'ಸುತ್ತಾಡಿಕೊಂಡಿರುವವರು' ಎಂಬುದಕ್ಕೆ ಬಳಸಿದ ಅರಬಿ ಪದವನ್ನು ಸ್ವಲ್ಪ ಗಮನಿಸಿ. ಅದು 'ತವ್ವಾಫ್' ಎಂಬ ಪದದ ಬಹುವಚನ. ಕಅಬಾದ ಸುತ್ತ ನಾವು ಮಾಡುವ ತವಾಫ್ ಕೂಡ ಇದೇ ಧಾತುವಿನಿಂದ ಬಂದುದು. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ಮನೆಯ ಸೇವಕರು ಮತ್ತು ಮಕ್ಕಳು ಒಳಗೆ ಬರಲು ಅನುಮತಿ ಕೇಳಬೇಕಾದ ವೇಳೆಗಳನ್ನು ಹೇಳುವಲ್ಲಿ ಅವರನ್ನು ಕುರಿತೂ ಇದೇ ಪದ ಬಂದಿದೆ. ಮನೆಯೊಳಗೆ ಎಡತಾಕುವ ಮಕ್ಕಳು ಮರಿಗಳಿಗೆ ಬಳಸಿದ ಮಾತನ್ನೇ ಪ್ರವಾದಿ(ಸ) ಬೆಕ್ಕಿಗೂ ಬಳಸಿದರು. ನಮ್ಮ ಮನೆಯಲ್ಲಿ ಬೆಕ್ಕಿಗಿರುವ ಸ್ಥಾನವೇನೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಆದರೆ ಆ ಬೆಕ್ಕು ಮುದಿಯಾದಾಗ ನಾವು ಏನು ಮಾಡುತ್ತೇವೆ? ಇಲಿ ಹಿಡಿಯುತ್ತಿದ್ದಷ್ಟು ಕಾಲ, ಮಕ್ಕಳೊಂದಿಗೆ ಆಡುತ್ತಿದ್ದಷ್ಟು ಕಾಲ ಅದು ಎಲ್ಲರಿಗೂ ಬೇಕು. ಹಲ್ಲು ಉದುರಿ, ಮೈ ಒಣಗಿ, ಚಾಪೆಯ ಮೇಲೆ ಮೂತ್ರ ಮಾಡತೊಡಗಿದ ದಿನ ಮನೆಯಲ್ಲಿ ಮಾತು ಬದಲಾಗುತ್ತದೆ. ಗೋಣಿಚೀಲ ಹೊರಬರುತ್ತದೆ. ಬೆಕ್ಕನ್ನು ಅದರೊಳಗೆ ಹಾಕಿ ಮೀನು ಮಾರುಕಟ್ಟೆಯ ಬಳಿಯಲ್ಲೋ ಊರಾಚೆಯ ಸೇತುವೆಯ ಬಳಿಯಲ್ಲೋ ಬಿಟ್ಟುಬರುವ ಕೆಲಸ ಮನೆಯ ಹುಡುಗನ ಪಾಲಿಗೆ ಬರುತ್ತದೆ. 'ಕೊಂದಿಲ್ಲವಲ್ಲ, ಬಿಟ್ಟು ಬಂದದ್ದಷ್ಟೇ' ಎಂದು ಸಮಾಧಾನ ಹೇಳಿಕೊಳ್ಳುವವರೂ ಇದ್ದಾರೆ.

ಈ ಸಮಾಧಾನವನ್ನು ಒಂದು ಪ್ರಸಿದ್ಧ ಹದೀಸಿನ ಮುಂದಿಟ್ಟು ನೋಡೋಣ. ಬೆಕ್ಕಿನ ಕಾರಣದಿಂದ ಶಿಕ್ಷೆಗೆ ಗುರಿಯಾದ ಹೆಂಗಸಿನ ವೃತ್ತಾಂತ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಆಕೆ ಬೆಕ್ಕನ್ನು ಕೂಡಿಹಾಕಿದಳು. ತಾನೂ ಆಹಾರ ಕೊಡಲಿಲ್ಲ, ನೆಲದ ಮೇಲಿನ ಹುಳಹುಪ್ಪಟೆಗಳನ್ನು ಹಿಡಿದು ತಿನ್ನಲೂ ಬಿಡಲಿಲ್ಲ. ಬೆಕ್ಕು ಹಸಿವಿನಿಂದ ಸತ್ತಿತು. ಇದನ್ನು ಓದುವವರು 'ನಾವು ಕೂಡಿಹಾಕಿಲ್ಲವಲ್ಲ' ಎಂದು ದಾಟಿಹೋಗುತ್ತಾರೆ. ಸ್ವಲ್ಪ ಯೋಚಿಸಿ. ಹದೀಸಿನಲ್ಲಿ ಬಿಟ್ಟುಬಿಡುವ ಮಾತು ಬಂದಿರುವುದು ಬೇಟೆಯಾಡಿ ತಿನ್ನಬಲ್ಲ ಬೆಕ್ಕಿನ ಬಗ್ಗೆ. ಹದಿನಾಲ್ಕು ವರ್ಷ ನಿಮ್ಮ ಅಡುಗೆಮನೆಯಲ್ಲೇ ತಿಂದುಂಡ, ಹಲ್ಲಿಲ್ಲದ, ಕಣ್ಣು ಮಂಜಾದ, ನಾಯಿ ಬಂದರೆ ಗೋಡೆ ಹಾರಲಾಗದ ಬೆಕ್ಕಿಗೆ ಬೀದಿಯೂ ಒಂದು ಬಂದೀಖಾನೆಯೇ. ಆಹಾರ ಎದುರಿಗಿದ್ದರೂ ಅದಕ್ಕೆ ದಕ್ಕುವುದಿಲ್ಲ. ಹಾಗಾದರೆ ಆ ಹೆಂಗಸಿನ ಕೃತ್ಯಕ್ಕೂ ನಮ್ಮದಕ್ಕೂ ವ್ಯತ್ಯಾಸ ಹಗ್ಗದ್ದು ಮಾತ್ರ. ನಮ್ಮ ದೇಶದ ಕಾನೂನು ಕೂಡ ಹೀಗೇ ಹೇಳುತ್ತದೆ. ಹಸಿವು ಬಾಯಾರಿಕೆಯಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತ್ಯಜಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ.

ಏಳನೇ ಹಿಜರಿ ಶತಮಾನದ ಮಹಾವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದುಸ್ಸಲಾಮ್(ರಹ್) ಅವರ ಹೆಸರು ನೀವು ಕೇಳಿರಬಹುದು. ದಮಾಸ್ಕಸ್‌ನಲ್ಲಿ ಹುಟ್ಟಿ ಕೈರೋದಲ್ಲಿ 1262ರಲ್ಲಿ ತೀರಿಕೊಂಡ, ಅರಸರಿಗೂ ಅಂಜದೆ ಫತ್ವಾ ಕೊಟ್ಟ, 'ವಿದ್ವಾಂಸರ ಸುಲ್ತಾನ' ಎಂದು ಬಿರುದಾಂಕಿತರಾದ ಶಾಫಿಈ ಇಮಾಮರವರು. ಅವರು ತಮ್ಮ 'ಕವಾಇದುಲ್ ಅಹ್ಕಾಮ್' ಗ್ರಂಥದಲ್ಲಿ ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ವಿವರಿಸುವಾಗ, ಪ್ರಾಣಿ ಬಹುಕಾಲದ ರೋಗಕ್ಕೆ ತುತ್ತಾಗಿ ಅದರಿಂದ ಯಾವ ಪ್ರಯೋಜನವೂ ಇಲ್ಲದಂತಾದರೂ ಅದಕ್ಕೆ ತಕ್ಕ ಖರ್ಚು ವಹಿಸುವುದು ಒಡೆಯನ ಹೊಣೆ ಎಂದು ಬರೆದರು. ಬಹುಕಾಲದ ರೋಗಕ್ಕೆ ಅವರು ಬಳಸಿದ ಪದ 'ಝಮಾನ್', ಅಂದರೆ ಕಾಲ ಎಂಬುದಕ್ಕೆ ಸಂಬಂಧಿಸಿದ್ದು. ಕಾಲದೊಂದಿಗೆ ಅಂಟಿಕೊಂಡ ರೋಗ. ಇಂದು ವೈದ್ಯರು ಹೇಳುವ ದೀರ್ಘಕಾಲೀನ ಕಾಯಿಲೆಯೆಂದರೆ ಇದೇ. ಅವರು 'ಕರುಣೆ ತೋರಿಸಿ' ಎಂದಷ್ಟೇ ಬರೆದು ಬಿಟ್ಟಿದ್ದರೆ ಅದು ನಮ್ಮ ಮನಸ್ಸಿಗೆ ಬಿಟ್ಟ ವಿಷಯವಾಗುತ್ತಿತ್ತು. ಅವರು ಬರೆದದ್ದು ಹಕ್ಕು ಎಂದು.

ಅದೇ ಕೈರೋದಲ್ಲಿ ಅದೇ ಕಾಲದ ಸುಲ್ತಾನ್ ಬೈಬರ್ಸ್ ಬೆಕ್ಕುಗಳ ಆಹಾರಕ್ಕೆಂದು ಒಂದು ತೋಟವನ್ನೇ ವಕ್ಫ್ ಮಾಡಿದ್ದರೆಂದು 19ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ಆಂಗ್ಲ ಲೇಖಕ ಎಡ್ವರ್ಡ್ ಲೇನ್ ದಾಖಲಿಸಿದ್ದಾನೆ. ಅವನ ಕಾಲಕ್ಕೆ ತೋಟದ ಆದಾಯ ಬಹುಪಾಲು ಬತ್ತಿಹೋಗಿತ್ತು. ಆದರೂ ವಕ್ಫ್‌ಗಳ ರಕ್ಷಕನಾದ ಕಾಝಿ ತನ್ನ ನ್ಯಾಯಾಲಯದ ಅಂಗಳದಲ್ಲಿ ಸಂಜೆಯ ಹೊತ್ತು ಬೆಕ್ಕುಗಳಿಗೆ ಆಹಾರ ಹಾಕಿಸುತ್ತಿದ್ದ. ಬೆಕ್ಕು ಬೇಡವಾದ ಕೈರೋದ ಜನ ಅದನ್ನು ಅಲ್ಲಿಗೇ ತಂದು ಬಿಡುತ್ತಿದ್ದರಂತೆ. ಬಿಡುವವರು ಆಗಲೂ ಇದ್ದರು. ಆದರೆ ಅನ್ನವಿರುವಲ್ಲಿಗೆ ತಂದು ಬಿಡುತ್ತಿದ್ದರು.

ಇನ್ನು ಆರೈಕೆಯ ಮಾತು. ಹತ್ತು ವರ್ಷ ದಾಟಿದ ಬೆಕ್ಕನ್ನು ವೃದ್ಧ ಬೆಕ್ಕೆಂದೇ ತಿಳಿಯಿರಿ. ಹದಿನೈದರ ಬೆಕ್ಕು ನಮ್ಮ ಲೆಕ್ಕದಲ್ಲಿ ಎಪ್ಪತ್ತೈದರ ಅಜ್ಜಿ. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ, ಅಳುವುದಿಲ್ಲ, ಮೂಲೆ ಸೇರುತ್ತದೆ. ಆದ್ದರಿಂದ ನೋಡುವ ಕಣ್ಣು ನಮ್ಮದಾಗಿರಬೇಕು. ಪದೇ ಪದೇ ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತಾ ತೂಕ ಇಳಿಯುತ್ತಿದ್ದರೆ ಮೂತ್ರಪಿಂಡದ ಕಾಯಿಲೆಯೋ ಸಕ್ಕರೆ ಕಾಯಿಲೆಯೋ ಇರಬಹುದು. ಮೂತ್ರಪಿಂಡದ ಕಾಯಿಲೆ ಮುದಿ ಬೆಕ್ಕುಗಳಲ್ಲಿ ಬಹಳ ಸಾಮಾನ್ಯ. ಲಕ್ಷಣ ಹೊರಗೆ ಕಾಣುವಷ್ಟರಲ್ಲಿ ಅವುಗಳ ಶಕ್ತಿಯ ಸುಮಾರು ಮೂರನೇ ಎರಡು ಭಾಗ ಕಳೆದುಹೋಗಿರುತ್ತದೆ. ಹಸಿವು ಹೆಚ್ಚಾಗಿಯೂ ಬೆಕ್ಕು ಬಡಕಲಾಗುತ್ತಿದ್ದರೆ ಥೈರಾಯ್ಡ್ ಗ್ರಂಥಿಯ ದೋಷವಿರಬಹುದು. ತುತ್ತು ಬಾಯಿಂದ ಬೀಳುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ ಹಲ್ಲು ನೋಡಿಸಿ. ಇವುಗಳಲ್ಲಿ ಹಲವು ಪೂರ್ತಿ ಗುಣವಾಗುವುದಿಲ್ಲ. ಆದರೆ ಔಷಧಿ, ಪಥ್ಯ, ಚರ್ಮದಡಿ ಕೊಡುವ ದ್ರವ, ಇವುಗಳಿಂದ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆಮ್ಮದಿಯಿಂದ ಬದುಕುತ್ತವೆ.

ಸಹೋದರಿಯರೇ, ಒಂದು ವಿಷಯವನ್ನು ವಿಶೇಷವಾಗಿ ನೆನಪಿಡಿ. ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯ ಚೂರನ್ನೂ ಬೆಕ್ಕಿಗೆ ಕೊಡಬೇಡಿ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಬಿರಿಯಾನಿಯ ಉಳಿಕೆಯನ್ನು ಹಾಕುವುದೂ ತಪ್ಪು, ಅದರಲ್ಲಿರುವ ಈರುಳ್ಳಿ ಬೆಕ್ಕಿನ ರಕ್ತಕಣಗಳನ್ನು ನಾಶಪಡಿಸುತ್ತದೆ. ಉಪ್ಪು ಹಾಕಿದ ಒಣಮೀನೂ ಬೇಡ. ಹಾಲೇ ಬೆಕ್ಕಿನ ಆಹಾರವೆಂಬುದು ನಮ್ಮ ತಪ್ಪು ತಿಳಿವಳಿಕೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದರಿಂದ ಭೇದಿಯಾಗುತ್ತದೆ. ಸಾರಿಗೆ ಉಪ್ಪು ಖಾರ ಬೀಳುವ ಮೊದಲೇ ಒಂದು ತುಂಡು ಮೀನನ್ನೋ ಕೋಳಿಯನ್ನೋ ಬೇಯಿಸಿ, ಮುಳ್ಳು ಮೂಳೆ ಬಿಡಿಸಿ, ಬೆಚ್ಚಗೆ ಮೆತ್ತಗೆ ಮಾಡಿ ಕೊಡಿ. ಮೂತ್ರಪಿಂಡದ ರೋಗವಿದ್ದರೆ ಪಥ್ಯವನ್ನು ವೈದ್ಯರೇ ಹೇಳಲಿ. ಎರಡು ದಿನ ಏನೂ ತಿನ್ನದಿದ್ದರೆ 'ತಾನಾಗಿಯೇ ತಿಂದೀತು' ಎಂದು ಕಾಯಬೇಡಿ, ಪಶುವೈದ್ಯರಲ್ಲಿಗೆ ಒಯ್ಯಿರಿ. ಮಲಮೂತ್ರಕ್ಕೆ ಅಂಚು ತಗ್ಗಾದ ತಟ್ಟೆಯಲ್ಲಿ ಮರಳು ಹಾಕಿ ಅದು ಮಲಗುವಲ್ಲಿಗೆ ಹತ್ತಿರವೇ ಇಡಿ. ಸಂಧಿನೋವಿನ ಬೆಕ್ಕು ಹಿತ್ತಲವರೆಗೆ ನಡೆಯಲಾರದೆ ಚಾಪೆಯ ಮೇಲೆ ಮಾಡಿರುತ್ತದೆಯೇ ಹೊರತು ಹಟದಿಂದಲ್ಲ.

ಚಾಪೆಯೆಂದಾಗ ನಮಾಝಿನ ಪ್ರಶ್ನೆ ಬರುತ್ತದೆ. ಬೆಕ್ಕು ಬಾಯಿ ಹಾಕಿದ ನೀರಿನ ವಿಷಯ ಮೇಲೆ ಹೇಳಿದೆ. ಕರಾವಳಿಯ ಶಾಫಿಈಗಳಲ್ಲಿ ಅದು ಶುದ್ಧವೇ; ಘಟ್ಟದ ಮೇಲಿನ ಹನಫಿಗಳಲ್ಲಿ ಬೇರೆ ನೀರಿರುವಾಗ ಅದನ್ನು ಬಳಸುವುದು ಅಷ್ಟು ಮೆಚ್ಚತಕ್ಕದ್ದಲ್ಲ, ಅಷ್ಟೇ. ಆದರೆ ಬೆಕ್ಕಿನ ಮೂತ್ರ, ವಾಂತಿ ನಜಸ್ ಎಂಬುದರಲ್ಲಿ ಸಂದೇಹ ಬೇಡ. ಬಿದ್ದ ಜಾಗವನ್ನೂ ಬಟ್ಟೆಯನ್ನೂ ತೊಳೆಯಬೇಕು. ಮುಸಲ್ಲಾವನ್ನು ಮಡಚಿ ಎತ್ತರದಲ್ಲಿಡಿ. ಮಗು ಹಾಸಿಗೆ ಒದ್ದೆ ಮಾಡಿದರೆ ಹಾಸಿಗೆ ತೊಳೆಯುತ್ತೇವೆ, ಮಗುವನ್ನು ಹೊರಗೆ ಹಾಕುವುದಿಲ್ಲವಷ್ಟೆ.

'ಮನುಷ್ಯರ ಔಷಧಿಗೇ ಹಣವಿಲ್ಲ, ಬೆಕ್ಕಿಗೆಲ್ಲಿಂದ ತರುವುದು?' ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆಯನ್ನು ಅಲ್ಲಾಹನು ಹೊರಿಸುವುದಿಲ್ಲ. ಮಕ್ಕಳ ಶುಲ್ಕ ನಿಲ್ಲಿಸಿ ನಗರದ ದುಬಾರಿ ಚಿಕಿತ್ಸೆ ಕೊಡಿಸಿ ಎಂದು ಯಾರೂ ಕೇಳುತ್ತಿಲ್ಲ. ಪಕ್ಕದ ಮನೆಯಲ್ಲಿ ಒಲೆ ಉರಿಯದಿರುವಾಗ ಬೆಕ್ಕಿಗೆ ವಿದೇಶೀ ತಿನಿಸು ತರಿಸುವುದು ಕರುಣೆಯೂ ಅಲ್ಲ, ಅದು ಶೋಕಿ. ಆದರೆ ಸರಕಾರಿ ಪಶು ಚಿಕಿತ್ಸಾಲಯದ ಬಾಗಿಲಿಗೆ ಒಮ್ಮೆ ಹೋಗುವುದು, ಎರಡು ತುಂಡು ಮೀನು, ಒಂದು ಬಟ್ಟಲು ಶುದ್ಧ ನೀರು, ಚಳಿಯಲ್ಲಿ ಒಂದು ಹಳೆಯ ಕಂಬಳಿ, ಇಷ್ಟೂ ಆಗದ ಮನೆಗಳು ಕಡಿಮೆ. ಬಾಯಾರಿದ ನಾಯಿಗಾಗಿ ಬಾವಿಗಿಳಿದವನ ಬಳಿ ಪಾತ್ರೆ ಕೂಡ ಇರಲಿಲ್ಲ. ತನ್ನ ಪಾದರಕ್ಷೆಯಲ್ಲಿ ನೀರು ತುಂಬಿಕೊಂಡು, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೇಲೆ ಹತ್ತಿ ಬಂದ. ಅಲ್ಲಾಹನು ಅವನನ್ನು ಕ್ಷಮಿಸಿದನು.

ನರಳಾಟ ಮಿತಿಮೀರಿದಾಗ ಚುಚ್ಚುಮದ್ದು ಕೊಟ್ಟು ಕೊನೆಗಾಣಿಸಬಹುದೇ ಎಂದು ಕೆಲವರು ಕೇಳುವುದುಂಟು. ಶಾಫಿಈ ಕರ್ಮಶಾಸ್ತ್ರ ಇಲ್ಲಿ ಬಿಗಿಯಾಗಿದೆ: ಮಾಂಸ ತಿನ್ನಬಾರದ ಪ್ರಾಣಿಯನ್ನು ನೋವಿನಿಂದ ಬಿಡಿಸಲೆಂದು ಕೊಯ್ಯುವುದಕ್ಕೂ ಅದು ಒಪ್ಪುವುದಿಲ್ಲ. ಹನಫಿ ವಿದ್ವಾಂಸರಲ್ಲಿ ಗುಣವಾಗುವ ಆಸೆಯೇ ಇಲ್ಲದಾಗ ಅನುಮತಿಸಿದವರಿದ್ದಾರೆ. ನಿಮ್ಮ ಮಹಲ್ಲಿನ ಆಲಿಮರಲ್ಲಿ ಕೇಳಿ, ವೈದ್ಯರು ಹೇಳಿದ್ದನ್ನು ಅವರಿಗೆ ಯಥಾವತ್ತಾಗಿ ತಿಳಿಸಿ. ತೊಳೆಯುವ ಬೇಸರಕ್ಕೆ ನರಳಾಟವೆಂಬ ಹೆಸರು ಕೊಡಬೇಡಿ.

ಸತ್ತ ಬೆಕ್ಕಿಗೆ ಸ್ನಾನ, ಕಫನ್, ನಮಾಝ್ ಯಾವುದೂ ಇಲ್ಲ. ಕಸದ ರಾಶಿಗೆ ಎಸೆಯದೆ, ನಾಯಿಗಳು ಅಗೆಯದಷ್ಟು ಆಳದಲ್ಲಿ ಹೂಳಿ. ಅದು ಎಲ್ಲಿಗೆ ಹೋಯಿತೆಂದು ಮಗು ಕೇಳಿದರೆ ಕಟ್ಟುಕಥೆ ಹೇಳಬೇಡಿ. ಅಲ್ ಅನ್‌ಆಮ್ ಅಧ್ಯಾಯದ 38ನೇ ಸೂಕ್ತವನ್ನು ತೆರೆದು ಓದಿಸಿ. ಭೂಮಿಯ ಮೇಲಿನ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದೂ, ಅವೂ ತಮ್ಮ ಪ್ರಭುವಿನ ಕಡೆಗೆ ಒಟ್ಟುಗೂಡಿಸಲ್ಪಡುವವೆಂದೂ ಅಲ್ಲಿ ಇದೆ. ಮಗು ಮತ್ತೆ ಕೇಳಿದರೆ, ಅಬೂಹುರೈರಾ(ರ) ಬಾಲ್ಯದಲ್ಲಿ ಕುರಿ ಮೇಯಿಸುತ್ತಾ ಬೆಕ್ಕಿನ ಮರಿಯೊಂದನ್ನು ಹಗಲೆಲ್ಲ ಜೊತೆಗಿಟ್ಟುಕೊಂಡು, ರಾತ್ರಿ ಮರದ ಮೇಲೆ ಭದ್ರವಾಗಿ ಕೂರಿಸುತ್ತಿದ್ದುದನ್ನೂ, ಆ ಮರಿಯಿಂದಲೇ ಅವರಿಗೆ ಆ ಹೆಸರು ಬಂದುದನ್ನೂ ಹೇಳಿ.